ಪದಚರ್ಚೆ: ಮಳೆನೀರು ಒಂದೆರಡು ದಿನ ನಿಂತು ಹೋಗುವ ಜಾಗಕ್ಕೆ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಪರವಾಗಿ, ಬೆಂಗಳೂರಿನ ಮಳೆನೀರಿನ ನಿಯಮಗಳು ಹೇಗಿರಬೇಕು ಎಂಬ ಸಲಹೆಪತ್ರವೊಂದನ್ನು ಬರೆಯುತ್ತಿದ್ದೇನೆ. ಕರಡು ನಿಯಮ ಹೊರಬಿದ್ದಾಗ ‘ಆಕ್ಷೇಪಣೆ ಮತ್ತು ಸಲಹೆ’ ಕರೆಯುತ್ತಾರಲ್ಲ, ಅದಕ್ಕೆ ಈಗಿನಿಂದಲೇ ತಯಾರಿ. ಬಡಾವಣೆಯ ಪ್ರತಿಯೊಬ್ಬರೂ ಓದಿ, ಅರ್ಥ ಮಾಡಿಕೊಂಡು ಸಹಿ ಹಾಕಬೇಕು ಎಂಬ ಆಸೆ. ಡಿಟೆನ್ಷನ್ ಬೇಸಿನ್, ರಿಟೆನ್ಷನ್ ಪಾಂಡ್ ಎಂಬೆರಡು ಪದಗಳ ಹತ್ತಿರ ಬರವಣಿಗೆ ನಿಂತುಬಿಟ್ಟಿದೆ.

ಇವೆರಡೂ ಒಂದೇ ಅಲ್ಲ. ಮೊದಲನೆಯದು ಜೋರುಮಳೆಯ ನೀರನ್ನು ತಡೆದು, ಸಣ್ಣ ಕಿಂಡಿಯಿಂದ ನಿಧಾನವಾಗಿ ಬಿಟ್ಟು, ಒಂದೆರಡು ದಿನದಲ್ಲಿ ಪೂರ್ತಿ ಬರಿದಾಗುವ ತಗ್ಗು. ವರ್ಷದ ಹೆಚ್ಚಿನ ದಿನ ಅದು ಒಣನೆಲ. ಹುಲ್ಲು ಬೆಳೆಸಬಹುದು, ಮಕ್ಕಳು ಆಡಬಹುದು. ಎರಡನೆಯದರಲ್ಲಿ ನೀರು ಸದಾ ಇರುತ್ತದೆ. ಕನ್ನಡದಲ್ಲಿ ಬರೆಯುವವರು ಎರಡಕ್ಕೂ ‘ಸಂಗ್ರಹಣಾ ಹೊಂಡ’ ಎಂದೇ ಬರೆದುಬಿಡುತ್ತಾರೆ. ಅದರಿಂದ ಆಗುವ ತೊಂದರೆ ದೊಡ್ಡದು.

ಸಂಘದ ಸಭೆಯಲ್ಲಿ ಕರಡು ಓದಿದಾಗ ‘ಉದ್ಯಾನದ ಕೆಳಭಾಗದಲ್ಲಿ ಸಂಗ್ರಹಣಾ ಹೊಂಡ’ ಎಂಬ ಸಾಲು ಬಂದಿದ್ದೇ ತಡ, ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತರು. “ನಿಂತ ನೀರು ಅಂದ್ರೆ ಸೊಳ್ಳೆ, ಸೊಳ್ಳೆ ಅಂದ್ರೆ ಡೆಂಗಿ. ನಮ್ಮನೆ ಮುಂದೆ ಬೇಡವೇ ಬೇಡ” ಎಂದರು. ಅವರ ಭಯ ನ್ಯಾಯವಾದದ್ದು. ಆದರೆ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಹೆಚ್ಚುಕಡಿಮೆ ಒಂದು ವಾರ ಬೇಕು, ಈ ತಗ್ಗು ಅದಕ್ಕೂ ಮೊದಲೇ ಬರಿದಾಗುತ್ತದೆ. ಇದನ್ನು ವಿವರಿಸಿದ ಮೇಲೆ ಅವರೇ ಕೇಳಿದರು: “ಹಾಗಿದ್ರೆ ಅದನ್ನ ಹೊಂಡ ಅಂತ ಯಾಕೆ ಬರೀತೀರಿ?”

ಹೌದಲ್ಲ! ಹೊಂಡ ಎಂದರೆ ನಮಗೆ ಕಣ್ಣಿಗೆ ಕಟ್ಟುವುದು ಕೃಷಿಹೊಂಡ, ಅಂದರೆ ಟಾರ್ಪಾಲು ಹಾಸಿ ನೀರು ಹಿಡಿದಿಡುವ ಗುಂಡಿ. ‘ಕುಂಟೆ’ ಒಳ್ಳೆಯ ಹಳೆಯ ಪದ, ಚಿಕ್ಕ ಕೆರೆಗೆ ಇಂದಿಗೂ ಬಳಕೆಯಲ್ಲಿದೆ. ಆದರೆ ಅಲ್ಲೂ ನೀರು ನಿಂತಿರಬೇಕು, ಜೊತೆಗೆ ಜಮೀನಿನ ಮಾತಿನ ನಡುವೆ ಅದು ‘ಗುಂಟೆ’ಯಾಗಿ ಕಿವಿಗೆ ಬೀಳುತ್ತದೆ. ‘ಇಂಗುಗುಂಡಿ’ ಎಲ್ಲರಿಗೂ ಗೊತ್ತು, ಆದರೆ ಅದರ ಕೆಲಸ ನೀರನ್ನು ನೆಲಕ್ಕಿಳಿಸುವುದು. ‘ತಡೆ’ ಸೇರಿಸಿ ಪದ ಕಟ್ಟಿದರೆ ಚೆಕ್ ಡ್ಯಾಮ್ ನೆನಪಾಗುತ್ತದೆ.

ನನಗೆ ಹೊಳೆದದ್ದು ‘ತಂಗುಬಯಲು’. ಬಸ್ ತಂಗುದಾಣ ಎಲ್ಲರ ಬಾಯಲ್ಲಿದೆ; ತಂಗುವುದು ಎಂದರೆ ಸ್ವಲ್ಪ ಹೊತ್ತು ಇದ್ದು ಮುಂದೆ ಹೋಗುವುದು. ಬಯಲು ಎಂದಾಗ ಒಣನೆಲ ಎಂಬುದೂ ತಿಳಿಯುತ್ತದೆ. ಸದಾ ನೀರಿರುವುದಕ್ಕೆ ‘ಕುಂಟೆ’ಯನ್ನೇ ಉಳಿಸಿಕೊಳ್ಳಬಹುದು. ಆದರೆ ನೀರಿಗೆ ‘ತಂಗು’ ಸಲ್ಲುತ್ತದೆಯೇ? ‘ಮಳೆನೀರು ಹೊಲದಲ್ಲಿ ತಂಗಿತು’ ಎಂದು ನಿಮ್ಮ ಸೀಮೆಯಲ್ಲಿ ಯಾರಾದರೂ ಆಡುತ್ತಾರೆಯೇ?

ಪದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದರೆ, ಬೇಕು. ಮೂವತ್ತು–ನಲವತ್ತರ ನಿವೇಶನದ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 5,500 ಲೀಟರ್ ನೀರು. ಇಡೀ ಬಡಾವಣೆ ಕಾಂಕ್ರೀಟಾದಾಗ ಅಷ್ಟೂ ನೀರು ಒಂದೇ ಹೊತ್ತಿಗೆ ರಾಜಕಾಲುವೆಗೆ, ಅಂದರೆ ಊರಿನ ಮಳೆನೀರು ಹರಿಯುವ ದೊಡ್ಡ ಕಾಲುವೆಗೆ, ನುಗ್ಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಕಡೆಯವರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದದ್ದು ಮರೆಯುವಂಥದ್ದಲ್ಲ. ನೀರನ್ನು ಮೇಲುಭಾಗದಲ್ಲೇ ತಂಗಿಸದೆ ಕೆಳಗಿನವರಿಗೆ ಬಿಡುಗಡೆಯಿಲ್ಲ.

ನಿಯಮದಲ್ಲಿ ಒಂದು ಪದ ಎಷ್ಟು ಭಾರ ಹೊರುತ್ತದೆ ಎಂಬುದಕ್ಕೆ ರಾಜಕಾಲುವೆಯ ಬಫರ್ ವಲಯವನ್ನೇ, ಅಂದರೆ ಕಾಲುವೆಯ ಪಕ್ಕ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗವನ್ನೇ ನೋಡಿ. ಬೆಂಗಳೂರಿನ ಬೆಳವಣಿಗೆಗೆಂದು ಮಾಡಿದ ‘ಪರಿಷ್ಕೃತ ಮಹಾಯೋಜನೆ–2015’ರಲ್ಲಿ ಪ್ರಾಥಮಿಕ, ದ್ವಿತೀಯ, ತೃತೀಯ ಕಾಲುವೆಗಳಿಗೆ 50, 25, 15 ಮೀಟರ್, ಅಳೆಯುವುದು ಕಾಲುವೆಯ ನಡುವಿನಿಂದ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 50, 35, 25 ಮಾಡಿತು, ಅದೂ ಅಂಚಿನಿಂದ. 2019ರಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳವನ್ನು ರದ್ದುಪಡಿಸಿತು. ‘ನಡು’ವೋ ‘ಅಂಚೋ’ ಎಂಬುದರ ಮೇಲೆ ಎಷ್ಟೋ ಮನೆಗಳ ಗತಿ ನಿಂತಿತ್ತು.

ಇನ್ನೊಂದು ಚಿಕ್ಕ ಪ್ರಶ್ನೆ. ‘ರೀಜನಲ್’ ನಿಯಮ ಎನ್ನುವಲ್ಲಿ ‘ಪ್ರಾದೇಶಿಕ’ ಎಂದರೆ ಯಾವ ಪ್ರದೇಶ ಎಂಬುದು ತಿಳಿಯುವುದಿಲ್ಲ. 2025ರಲ್ಲಿ ನಗರ ಐದು ಪಾಲಿಕೆಗಳಾಯಿತು, ನೀರಿಗೆ ಆ ಗಡಿ ಲೆಕ್ಕಕ್ಕಿಲ್ಲ. ಕೋರಮಂಗಲ ಕಣಿವೆಯ ನೀರು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ಸೇರುತ್ತದೆ. ಹಾಗಾಗಿ ‘ಕಣಿವೆವಾರು ನಿಯಮ’ ಎಂದು ಬರೆದಿದ್ದೇನೆ. ‘ಜಲಾನಯನ’ ಸರಿಯಾದ ಪದವೇ, ಆದರೆ ಸಭೆಯಲ್ಲಿ ಅದನ್ನು ಯಾರೂ ತಾವಾಗಿ ಆಡಲಿಲ್ಲ. ‘ಕಣಿವೆ’, ‘ಕೋಡಿ’, ‘ಹಳ್ಳ’ ತಾವಾಗಿಯೇ ಬಂದವು.

ಹೊಸಕೋಟೆ, ಕೋಲಾರ, ಮಾಗಡಿ ಕಡೆಯವರು ದಯವಿಟ್ಟು ಹೇಳಿ: ಮಳೆ ಬಂದಾಗ ಮಾತ್ರ ತುಂಬಿ, ಎರಡು ದಿನಕ್ಕೆ ಒಣಗಿ, ಮತ್ತೆ ದನ ಮೇಯುವ ತಗ್ಗುನೆಲಕ್ಕೆ ನಿಮ್ಮ ಊರಲ್ಲಿ ಹೆಸರಿದೆಯೇ? ಇದ್ದರೆ ನನ್ನ ‘ತಂಗುಬಯಲು’ ಬಿಟ್ಟು ಅದನ್ನೇ ಬರೆಯುತ್ತೇನೆ.