ನಾಲ್ಕು ದನಿಯಲ್ಲಿ ಹಾಡುವಾಗ ಶ್ರುತಿ ಇಳಿಯುತ್ತಿದೆ, ಏನು ಮಾಡೋದು?

ವಿದ್ಯಾನಗರದ ದನಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು, ನನ್ನ ತಂಗಿ, ಚರ್ಚಿನಲ್ಲಿ ಹಾಡುವ ಇಬ್ಬರು ಗೆಳೆಯರು, ಒಟ್ಟು ನಾಲ್ಕು ಜನ. ನಾವಿಬ್ಬರೂ ಹಿಂದೂಸ್ತಾನಿ ಕಲಿತವರು, ವಚನ, ಭಜನೆ ಹಾಡಿಕೊಂಡು ಬೆಳೆದವರು. ಇಂಗ್ಲೆಂಡಿನ ಹಿಲಿಯರ್ಡ್ ಆನ್ಸಾಂಬಲ್ ರೆಕಾರ್ಡಿಂಗ್ ಕೇಳಿ ಈ ಹುಚ್ಚು ಹತ್ತಿತು. ಹೆಚ್ಚಾಗಿ ನಾಲ್ಕೇ ಗಂಡಸರು, 1974ರಿಂದ 2014ರವರೆಗೆ ಹಾಡಿದರು. ನಾನು ಕೇಳಿದ್ದರಲ್ಲಿ ವಾದ್ಯವೇ ಇಲ್ಲ, ಆದರೂ ಮನೆ ತುಂಬಿ ಹೋಗುತ್ತದೆ.

ಈಗ 16ನೇ ಶತಮಾನದ ಇಟಲಿಯ ಸಂಗೀತಗಾರ ಪ್ಯಾಲೆಸ್ಟ್ರೀನಾ ಅವರ ‘ಸಿಕುತ್ ಚೆರ್ವುಸ್’ ಕಲಿಯುತ್ತಿದ್ದೇವೆ. ಜಿಂಕೆ ನೀರಿಗೆ ಹಂಬಲಿಸುವಂತೆ ಜೀವ ದೇವರಿಗೆ ಹಂಬಲಿಸುತ್ತದೆ ಅನ್ನುವ ಕೀರ್ತನೆ. ಮೊದಲು ಟೆನರ್ (ಗಂಡಸರ ಎತ್ತರದ ದನಿ), ಆಮೇಲೆ ಆಲ್ಟೊ (ಹೆಂಗಸರ ತಗ್ಗಿನ ದನಿ), ಸೊಪ್ರಾನೊ (ಎಲ್ಲಕ್ಕಿಂತ ಮೇಲಿನದು), ಕೊನೆಗೆ ಬಾಸ್ (ಎಲ್ಲಕ್ಕಿಂತ ಕೆಳಗಿನದು) ಬರುತ್ತದೆ. ಬಾಸ್ ಬರುವಷ್ಟರಲ್ಲಿ ನಾನು ನನ್ನ ದಾರಿ ಬಿಟ್ಟು ತಂಗಿಯ ಸ್ವರದಲ್ಲಿ ಹಾಡುತ್ತಿರುತ್ತೇನೆ. ಭಜನೆಯಲ್ಲಿ ಒಬ್ಬರು ಹೇಳಿದ್ದನ್ನು ಉಳಿದವರು ಹಿಂದೆ ಹೇಳಿ ರೂಢಿ ಅಲ್ವಾ, ಇಲ್ಲಿ ಯಾರನ್ನು ಹಿಡಿದು ನಡೆಯೋದು ಅಂತಲೇ ಗೊತ್ತಾಗುತ್ತಿಲ್ಲ. ಹಾಡು ಮುಗಿಯುವಾಗ ಹಾರ್ಮೋನಿಯಂ ಒತ್ತಿ ನೋಡಿದರೆ ಅರ್ಧ ಮನೆ (ಅರ್ಧ ಸ್ವರ) ಕೆಳಗೆ ಇಳಿದಿರುತ್ತೇವೆ. ಇನ್ನೊಂದು ಪ್ರಶ್ನೆ ತಂಗಿಯದು: ವಚನಕ್ಕೂ ಹೀಗೆ ನಾಲ್ಕು ದನಿ ಹಾಕಬಹುದಾ?

ತಂಬೂರಿ ಮನೆ

ಮೊದಲು ಹಾರ್ಮೋನಿಯಂ ಪಕ್ಕಕ್ಕೆ ಇಡಿ ಸರ್. ತಂಬೂರಿ ಜೊತೆ ಹಾಡಿದವರಿಗೆ ಶುದ್ಧ ಗಾಂಧಾರ (ಸ ರಿ ಗ ಅನ್ನುವಾಗಿನ ಗ) ಎಲ್ಲಿ ನಿಲ್ಲುತ್ತದೆ ಅಂತ ಕಿವಿಗೇ ಗೊತ್ತಿರುತ್ತದೆ. ಹಾರ್ಮೋನಿಯಂ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ ಜಾಸ್ತಿ ಇರುತ್ತದೆ (ಅರ್ಧ ಮನೆ ಅಂದರೆ 100 ಸೆಂಟ್). ಒಬ್ಬರು ಪೆಟ್ಟಿಗೆಯ ಗಾಂಧಾರ, ಇನ್ನೊಬ್ಬರು ತಂಬೂರಿಯ ಗಾಂಧಾರ ಹಾಡಿದರೆ ನಾಲ್ಕು ದನಿ ಯಾವತ್ತೂ ಕೂಡುವುದಿಲ್ಲ. ಬಾಸ್ ಮತ್ತು ಟೆನರ್ ಬರೀ ಸ–ಪ ಹಿಡಿದು ನಿಲ್ಲಲಿ, ಅದು ಅಲುಗಾಡದಂತೆ ಕೂತ ಮೇಲೆ ಗಾಂಧಾರದವರು ಮೆಲ್ಲಗೆ ಒಳಗೆ ಬರಲಿ. ದಿನಾ ಹತ್ತು ನಿಮಿಷ ಇದೊಂದೇ ಮಾಡಿ.

ಶ್ರುತಿ ಇಳಿಯೋದಕ್ಕೆ ಇನ್ನೊಂದು ಕಾರಣ, ಮೇಲೆ ಹತ್ತುವಾಗ ಹೆಜ್ಜೆ ಚಿಕ್ಕದಾಗುತ್ತದೆ, ಇಳಿಯುವಾಗ ದೊಡ್ಡದಾಗುತ್ತದೆ. ಆರೋಹವನ್ನು ನಿಧಾನವಾಗಿ, ಉಸಿರು ಪೂರ್ತಿ ಇಟ್ಟುಕೊಂಡು ಹಾಡಿ. ದಾರಿ ತಪ್ಪದಿರಲು ನಾಲ್ವರೂ ನಾಲ್ಕೂ ದಾರಿ ಕಲಿಯಬೇಕು. ಪಕ್ಕದವರು ಏನು ಹಾಡುತ್ತಾರೆ ಅಂತ ಗೊತ್ತಿದ್ದರೆ ಅವರ ಸ್ವರ ನಿಮ್ಮನ್ನು ಎಳೆಯುವುದಿಲ್ಲ.

ಕೋಟೆ ಕೆಳಗಿನವಳು (ಚಿತ್ರದುರ್ಗ)

ಅಣ್ಣಾ, ನಿಮ್ಮ ತಂಗಿಯ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ವಚನದಲ್ಲಿ ಮಾತೇ ಮುಖ್ಯ, ನಾಲ್ಕು ಜನ ನಾಲ್ಕು ಹೊತ್ತಿಗೆ ನಾಲ್ಕು ಪದ ಹೇಳಿದರೆ ಏನು ಹೇಳಿದರು ಅಂತಲೇ ಕೇಳಿಸುವುದಿಲ್ಲ. ಇದೇ ತಕರಾರು ಚರ್ಚಿನ ಒಳಗೂ ಎದ್ದಿತ್ತು! 1545ರಿಂದ 1563ರವರೆಗೆ ನಡೆದ ಕ್ಯಾಥೊಲಿಕ್ ಧರ್ಮಗುರುಗಳ ಟ್ರೆಂಟ್ ಸಭೆಯಲ್ಲಿ ಪದ ಜನಕ್ಕೆ ಅರ್ಥವಾಗಬೇಕು ಅನ್ನುವ ಚರ್ಚೆ ಬಂತು. ಪ್ಯಾಲೆಸ್ಟ್ರೀನಾ ಒಂದೇ ಕೃತಿಯಿಂದ ಈ ಹಲವು ದನಿಯ ಸಂಗೀತವನ್ನು ನಿಷೇಧದಿಂದ ಉಳಿಸಿದರು ಅನ್ನೋದು ದಂತಕಥೆ, ಆದರೆ ಅವರ ಹಾಡಿನಲ್ಲಿ ಪದ ಸ್ಪಷ್ಟವಾಗಿರುವುದು ನಿಜ.

ಹಾಗಾಗಿ ವಚನಕ್ಕೆ ಅವರಿಗಿಂತ ಹಳೆಯ ದಾರಿ ಹಿಡಿಯಿರಿ. ಪ್ಯಾರಿಸಿನ ಸಂಗೀತಗಾರ ಪೆರೋಟಿನ್, 1200ರ ಆಸುಪಾಸಿನವರು, ನಾಲ್ಕು ದನಿಯಲ್ಲಿ ಕೆಳಗಿನದನ್ನು ತಂಬೂರಿಯ ಹಾಗೆ ಉದ್ದಕ್ಕೆ ಎಳೆದು ನಿಲ್ಲಿಸುತ್ತಾರೆ, ಮೇಲಿನ ಮೂರು ಅದರ ಮೇಲೆ ಕುಣಿಯುತ್ತವೆ. ಹಿಲಿಯರ್ಡ್ ತಂಡದ್ದೇ ಪೆರೋಟಿನ್ ರೆಕಾರ್ಡಿಂಗ್ ಇದೆ, ರಾತ್ರಿ ಫ್ಯಾನ್ ಆಫ್ ಮಾಡಿ ಕೇಳಿ. ವಚನವನ್ನು ಒಬ್ಬರೇ ಹಾಡಲಿ, ಉಳಿದವರು ‘ಆ’ಕಾರದಲ್ಲಿ ಸ–ಪ ಹಿಡಿಯಲಿ, ‘ಕೂಡಲಸಂಗಮದೇವ’ ಬಂದಾಗ ಮಾತ್ರ ನಾಲ್ಕೂ ದನಿ ತೆರೆದುಕೊಳ್ಳಲಿ.

ತಂಗಿಗೆ ಅನಾನಿಮಸ್ ಫೋರ್ ಕೇಳಿಸಿ. 1986ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ನಾಲ್ಕು ಹೆಂಗಸರ ತಂಡ.

ತಂಬೂರಿ ಮನೆ

ಒಂದು ಮಾತು ಬಿಟ್ಟು ಹೋಯಿತು. ಕಲ್ಲಿನ ಮಂಟಪದಲ್ಲೋ ದೊಡ್ಡ ಚರ್ಚಿನಲ್ಲೋ ದಿನಾ ಅಭ್ಯಾಸ ಮಾಡಬೇಡಿ. ದನಿ ಅಲ್ಲಿ ಸುಮ್ನೆ ಚೆನ್ನಾಗಿ ಕೇಳುತ್ತದೆ, ತಪ್ಪೆಲ್ಲ ಮುಚ್ಚಿಹೋಗುತ್ತದೆ.

ವಿದ್ಯಾನಗರದ ದನಿ

ಸರ್, ಅಕ್ಕ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಪೆಟ್ಟಿಗೆ ಮುಚ್ಚಿಟ್ಟು ಸ–ಪ ಹಿಡಿದೆವು. ನಾಲ್ಕನೇ ಸಲಕ್ಕೆ ತಂಗಿಯ ಗಾಂಧಾರ ಕೂತಿತು, ಕೋಣೆಯಲ್ಲಿ ಐದನೆಯವರು ಯಾರೋ ಹಾಡಿದ ಹಾಗೆ ಮೇಲೊಂದು ಸ್ವರ ಕೇಳಿಸಿತು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಭಾನುವಾರ ವಚನ ಹಿಡಿಯುತ್ತೇವೆ.