ಪುಕ್ಕಟೆ ಬೂದಿ

(ಗಂಗಾವತಿಯಲ್ಲಿ ದೊಡ್ಡಪ್ಪನ ಮನೆ ಕಟ್ಟೋಣ ನಡೆದಿದೆ. ಮನೆಯವರ ಗುಂಪು, ಶನಿವಾರ ರಾತ್ರಿ.)

ದೊಡ್ಡಪ್ಪ: [ಫಾರ್ವರ್ಡ್ ವಿಡಿಯೋ] ಸಿಮೆಂಟ್ ಅರ್ಧ, ಭತ್ತದ ಹೊಟ್ಟಿನ ಬೂದಿ ಅರ್ಧ! ಕಂಪನಿಗಳು ಮುಚ್ಚಿಟ್ಟ ಗುಟ್ಟು!!

ದೊಡ್ಡಪ್ಪ: ಸೋಮವಾರ ಸ್ಲ್ಯಾಬ್. ರೈಸ್ ಮಿಲ್ಲಿನವರು ಪುಕ್ಕಟೆ ಕೊಟ್ಟರು. ಮೂರು ಚೀಲ ತಂದಿಟ್ಟಿದ್ದೇನೆ.

ನಾನು: ಸ್ಲ್ಯಾಬಿಗೆ ಬೇಡ ದೊಡ್ಡಪ್ಪ. ಯಾವ ಬಣ್ಣ ಇದೆ?

ದೊಡ್ಡಪ್ಪ: ಕಪ್ಪು. ಯಾಕೆ?

ತಮ್ಮ: ಅಕ್ಕಾ, ಸುಮ್ನೆ ಹೆದರಿಸಬೇಡ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರಲ್ಲೇ ಹೊಟ್ಟಿನ ಬೂದಿ ಹಾಕಬಹುದು ಅಂತ ಇದೆ.

ನಾನು: ಪೂರ್ತಿ ಓದಪ್ಪ. ಬೇಕಾದ ಗುಣ ಇರಬೇಕು, ಪ್ರತಿ ಸಲ ಒಂದೇ ತರ ಇರಬೇಕು, ಜವಾಬ್ದಾರಿ ಹೊತ್ತವರು ಒಪ್ಪಬೇಕು ಅಂತಲೂ ಇದೆ. ಒಳ್ಳೆ ಬೂದಿಯಲ್ಲಿ ಶೇ. 85ಕ್ಕಿಂತ ಜಾಸ್ತಿ ಸಿಲಿಕಾ. ಸಿಮೆಂಟಿನಿಂದ ಬರುವ ಸುಣ್ಣದ ಜೊತೆ ಸೇರಿ ಗಟ್ಟಿಯಾಗುತ್ತದೆ. ಅದಕ್ಕೆ 500-700 ಡಿಗ್ರಿಯಲ್ಲಿ ಹದವಾಗಿ ಸುಟ್ಟು, ನುಣ್ಣಗೆ ಅರೆದಿರಬೇಕು. ಉರಿ ಹೆಚ್ಚಾದರೆ ಸಿಲಿಕಾ ಹರಳುಗಟ್ಟಿ ಮರಳಿನ ಹಾಗೆ ಕೂರುತ್ತದೆ. ಸರಿಯಾಗಿ ಸುಡದಿದ್ದರೆ ಇದ್ದಿಲು ಉಳಿಯುತ್ತದೆ. ಮಿಲ್ಲಿನ ಬಾಯ್ಲರಿಗೆ ಹಬೆ ಬಂದರಾಯಿತು, ಬೂದಿ ಹೇಗಾದರೇನು? ಒಂದು ಚಮಚ ನೀರಿಗೆ ಹಾಕಿ ನೋಡಿ.

ದೊಡ್ಡಪ್ಪ: [ಫೋಟೋ: ಸ್ಟೀಲ್ ಲೋಟ, ಮೇಲೆ ಕರಿ ಕೆನೆ]

ದೊಡ್ಡಪ್ಪ: ತೇಲುತ್ತಿದೆ. ಅರ್ಧಂಬರ್ಧ ಸುಟ್ಟ ಹೊಟ್ಟು ಹಾಗೇ ಕಾಣುತ್ತಿದೆ.

ನಾನು: ಆ ಇದ್ದಿಲು ನೀರು ಕುಡಿಯುತ್ತದೆ. ಮಾಲು ಬಿಗಿಯಾಯಿತು ಅಂತ ಗೌಂಡಿ ಇನ್ನೊಂದು ಬಕೆಟ್ ಸುರಿಯುತ್ತಾರೆ. ಸ್ಲ್ಯಾಬ್ ಕೆಡುವುದೇ ಅಲ್ಲಿ. ಸಿಮೆಂಟ್ ಚೀಲದ ಮೇಲೆ ಪಿಪಿಸಿ, ಫ್ಲೈ ಆಶ್ ಅಂತ ಇದೆಯಾ?

ದೊಡ್ಡಪ್ಪ: ಇದೆ.

ನಾನು: ಹಾಗಾದರೆ ಅದರಲ್ಲಿ ಆಗಲೇ ಶೇ. 15ರಿಂದ 35ರಷ್ಟು ಕಲ್ಲಿದ್ದಲಿನ ಹಾರುಬೂದಿ ಇದೆ. ಅದರ ಮೇಲೆ ಇನ್ನರ್ಧ ಬೂದಿನಾ?

ಅತ್ತೆ: ಕಸ ಸುಟ್ಟ ಬೂದಿ ನಡೆಯುತ್ತಾ?

ನಾನು: ಅದಂತೂ ಹಾಗೇ ತಂದು ಸುರಿಯುವಂತೇ ಇಲ್ಲ ಅತ್ತೆ. ಅದರಲ್ಲಿರುವ ಅಲ್ಯುಮಿನಿಯಂ ಚೂರುಗಳಿಗೆ ಸಿಮೆಂಟಿನ ಕ್ಷಾರ ತಗುಲಿದರೆ ಹೈಡ್ರೋಜನ್ ಗುಳ್ಳೆ ಏಳುತ್ತದೆ, ಕಾಂಕ್ರೀಟ್ ಇಡ್ಲಿ ಹಿಟ್ಟಿನಂತೆ ಉಬ್ಬುತ್ತದೆ. ಉಪ್ಪು, ಪ್ಲಾಸ್ಟಿಕ್ಕಿನ ಕ್ಲೋರೈಡು ಕಂಬಿಗೆ ತುಕ್ಕು ಹಿಡಿಸುತ್ತದೆ.

ತಮ್ಮ: ಮತ್ತೆ ಮಿಲ್ ಹಿಂದಿನ ಗುಡ್ಡೆ ಹಾಗೇ ಬಿದ್ದಿರಲಾ?

ನಾನು: ಬೇಡ. ಒಂದು ಟನ್ ಭತ್ತಕ್ಕೆ ಸುಮಾರು 200 ಕೆಜಿ ಹೊಟ್ಟು, ಅದರಿಂದ 40 ಕೆಜಿ ಬೂದಿ. ಬಳಸಲೇಬೇಕು. ಆದರೆ ಮೊದಲು ಲ್ಯಾಬಿನಲ್ಲಿ ಸ್ವಲ್ಪ ಹಾಕಿ, ಕಾಂಕ್ರೀಟ್ ಕ್ಯೂಬ್ ಎರೆದು, 28 ದಿನ ಬಿಟ್ಟು ಒಡೆದು ನೋಡಬೇಕು.

ದೊಡ್ಡಪ್ಪ: ಸೋಮವಾರದೊಳಗೆ 28 ದಿನ ಎಲ್ಲಿಂದ ತರಲಿ? ಆಯಿತು, ಗೌಂಡಿಗೆ ಬೇಡ ಅನ್ನುತ್ತೇನೆ.

ಅತ್ತೆ: ಆ ಮೂರು ಚೀಲ ನನಗೆ ಕಳಿಸಣ್ಣಾ. ಕೊಟ್ಟಿಗೆ ಮುಂದೆ ಕೆಸರಾಗಿದೆ.

ದೊಡ್ಡಪ್ಪ: ಚೀಲ ಬಿಡು. ವಿಡಿಯೋ ಊರಿನ ಗುಂಪಿಗೂ ಹಾಕಿಬಿಟ್ಟಿದ್ದೇನಲ್ಲ.