ಹೊಸ ಕಟ್ಟಿಗೆ ಶೆಡ್, ಮಾಡು (ಚಾವಣಿ) ಸೋರುತ್ತಿಲ್ಲ, ಆದರೂ ಕಟ್ಟಿಗೆ ಒದ್ದೆ. ಯಾರಾದರೂ ಸಹಾಯ ಮಾಡಿ

ಹೊಸನಗರ_ಹಿತ್ತಿಲು (ಜುಲೈ 8)

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೇ ತಿಂಗಳಲ್ಲಿ ಹಿತ್ತಿಲಲ್ಲಿ ಕಟ್ಟಿಗೆಗೆ ಅಂತಲೇ ಒಂದು ಶೆಡ್ ಕಟ್ಟಿದೆ. ಉದ್ದ 10 ಅಡಿ, ಅಗಲ 6 ಅಡಿ. 2 ಇಂಚಿನ ಜಿಐ ಪೈಪ್ ಕಂಬ, ಮೇಲೆ 0.45 ಎಂಎಂ ಕಲರ್ ಶೀಟ್. ಮುಂದೆ 8 ಅಡಿ ಎತ್ತರ, ಹಿಂದೆ 7. ವೆಲ್ಡಿಂಗ್ ಕೂಡ ನಾನೇ ಮಾಡಿದ್ದು. ಸಾಮಾನಿಗೆ ಖರ್ಚು ಚೆನ್ನಾಗಿಯೇ ಆಯಿತು.

ಈಗ ಪುನರ್ವಸು ಮಳೆ ಶುರುವಾಗಿ ಮೂರು ದಿನ. ಒಳಗಿನ ಕಟ್ಟಿಗೆ ಮುಟ್ಟಿದರೆ ತಣ್ಣಗೆ ಒದ್ದೆ. ಬಿಳಿ ಬೂಸಲು ಹಿಡಿದಿದೆ. ಒಲೆಗೆ ಇಟ್ಟರೆ ತುದಿಯಲ್ಲಿ ನೊರೆ ಬರುತ್ತೆ, ಬರೀ ಹೊಗೆ. ಬಚ್ಚಲ ಹಂಡೆ ಕಾಯಲು ಎರಡು ಗಂಟೆ ಬೇಕು. ಅಮ್ಮ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಿದ್ದಾರೆ. ಸೆಪ್ಟೆಂಬರಿಗೆ ಅಡಿಕೆ ಬೇಯಿಸೋದಕ್ಕೂ ಇದೇ ಕಟ್ಟಿಗೆ. ಏನು ಮಾಡಲಿ?

ನಟ್ಟು_ಬೋಲ್ಟು

ಸ್ಕ್ರೂ ಎಲ್ಲಿ ಹೊಡೆದಿದ್ದೀರಿ? ಶೀಟಿನ ಉಬ್ಬಿನ ಮೇಲಾ, ತಗ್ಗಿನಲ್ಲಾ?

ಹೊಸನಗರ_ಹಿತ್ತಿಲು

ತಗ್ಗಿನಲ್ಲಿ. ರಬ್ಬರ್ ವಾಷರ್ ಹಾಕಿದ್ದೇನೆ ಸರ್.

ನಟ್ಟು_ಬೋಲ್ಟು

ಸಿಕ್ಕಿತು ನೋಡಿ. ನೀರು ಹರಿಯೋದೇ ತಗ್ಗಿನಲ್ಲಿ. ಸ್ಕ್ರೂ ಸ್ವಲ್ಪ ಓರೆಯಾಗಿ ಕೂತರೂ, ಜಾಸ್ತಿ ಬಿಗಿಯಾಗಿ ವಾಷರ್ ಹಿಸುಕಿದರೂ ಸಣ್ಣಗೆ ಜಿನುಗುತ್ತೆ. ಕಣ್ಣಿಗೆ ಕಾಣಲ್ಲ. ಪೈಪಿನ ಗುಂಟ ಹರಿದು ಎಲ್ಲೋ ಬೀಳುತ್ತೆ. ಎಲ್ಲ ಸ್ಕ್ರೂ ಬಿಚ್ಚಿ ಉಬ್ಬಿನ ಮೇಲೆ ಹೊಡೆಯಿರಿ, ಹಳೇ ತೂತಿಗೆ ಸಿಲಿಕೋನ್ ಹಾಕಿ.

ಸಾಗರದ_ವೆಲ್ಡರ್

ಇದು ಒಪ್ಪುವ ಮಾತಲ್ಲ. ಮೂಲೆ ಮಡಿಕೆಯ ಕಲರ್ ಶೀಟಿಗೆ ತಗ್ಗಿನಲ್ಲೇ ಹೊಡೆಯೋದು. ಅಲ್ಲಿ ಶೀಟು ಪೈಪಿಗೆ ಒತ್ತಿ ಕೂರುತ್ತೆ, ಗಾಳಿಗೆ ಅಲ್ಲಾಡಲ್ಲ. ಉಬ್ಬಿನ ಮೇಲೆ ಹೊಡೆಯೋದು ಹಳೇ ಅಲೆ ಅಲೆ ಶೀಟಿಗೆ. ನಾನು 14 ವರ್ಷದಿಂದ ಹೀಗೇ ಹಾಕುತ್ತಿದ್ದೇನೆ.

ನಟ್ಟು_ಬೋಲ್ಟು

ನಾನೂ ಸಾಕಷ್ಟು ಮಾಡು ಹಾಕಿದ್ದೇನೆ ಅಣ್ಣ. ಆಗುಂಬೆ ಹತ್ತಿರ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ. ಅಲ್ಲಿ ನಿಂತ ಮಾಡು ಎಲ್ಲಿ ಬೇಕಾದರೂ ನಿಲ್ಲುತ್ತೆ.

ಹಂಚಿನ_ಸೂರು

ಶೀಟು ಹಾಕಿದ್ದೇ ತಪ್ಪು ಮಾರಾಯ್ರೆ. ಹಂಚು ಹಾಕಿ. ಹಂಚಿನ ಸಂದಿನಲ್ಲಿ ಗಾಳಿ ಆಡುತ್ತೆ, ಕೆಳಗೆ ಬೆವರಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅವತ್ತಿನಿಂದ ಇವತ್ತಿನವರೆಗೂ ನಮ್ಮ ಕರಾವಳಿ ಮಳೆಯನ್ನು ತಡೆದು ನಿಂತಿದೆ. ನಮ್ಮ ಕಟ್ಟಿಗೆ ಕೊಟ್ಟಿಗೆಗೆ ಅಜ್ಜ ಹಾಕಿಸಿದ ಹಂಚೇ ಇದೆ. ಹಂಚಿನ ಕೆಳಗಿನ ಮರದ ಪಕ್ಕಾಸು, ರೀಪು ಮಾತ್ರ ಎರಡು ಸಲ ಬದಲಾಯಿಸಿದ್ದೇವೆ.

ಸಾಗರದ_ವೆಲ್ಡರ್

ನಿಮ್ಮಲ್ಲಿ ಮಂಗ ಇಲ್ಲವಾ? ನಮ್ಮ ಕಡೆ ಒಂದು ಹಿಂಡು ಬಂದು ಹೋದರೆ ಇಪ್ಪತ್ತು ಹಂಚು ಹೋಯಿತು. ಮಲೆನಾಡಿನವರು ಸುಮ್ನೆ ಶೀಟಿಗೆ ಹೋದದ್ದಲ್ಲ.

ಹಂಚಿನ_ಸೂರು

ಮಂಗ ಇದೆ, ನಾಯಿಯೂ ಇದೆ.

ಹೊಸನಗರ_ಹಿತ್ತಿಲು (ಜುಲೈ 12)

ಎರಡು ದಿನ ಮಳೆಯಲ್ಲೇ ಮೇಲೆ ಹತ್ತಿ ಎಲ್ಲ ಸ್ಕ್ರೂ ಸುತ್ತ ಸಿಲಿಕೋನ್ ಹಾಕಿದೆ. ನೆನೆದ ಶೀಟಿಗೆ ಅದು ಸರಿಯಾಗಿ ಹಿಡಿಯುತ್ತಲೂ ಇಲ್ಲ. ಕಟ್ಟಿಗೆ ಹಾಗೇ ಒದ್ದೆ. ಬೂಸಲು ಈಗ ಹಸಿರಾಗಿದೆ. ಒಂದು ತುಂಡಿನಲ್ಲಿ ಅಣಬೆ ಎದ್ದಿದೆ. ಮೊದಲೇ ಬರೆದಿದ್ದೆ, ಮಾಡು ಸೋರುತ್ತಿಲ್ಲ ಅಂತ.

ನಟ್ಟು_ಬೋಲ್ಟು

ಹಾಗಾದರೆ ಶೀಟಿಂದ ಶೀಟಿನ ಜೋಡಣೆ. ಒಂದರ ಮೇಲೊಂದು ಎಷ್ಟು ಬಂದಿದೆ? ಒಂದು ಉಬ್ಬು ಸಾಲಲ್ಲ, ಎರಡು ಉಬ್ಬು ಬರಬೇಕು. 6 ಅಡಿಗೆ 1 ಅಡಿ ಇಳಿಜಾರೂ ಕಡಿಮೆಯೇ. ಅಳತೆ ಹೇಳಿ.

ಶಿರಸಿ_ಬಚ್ಚಲೊಲೆ

ತಮ್ಮಾ, ನಾನು ದಿನಾ ಬೆಂಕಿ ಹಾಕುವವಳು, ಮಾಡಿನ ಕೆಲಸ ಗೊತ್ತಿಲ್ಲ. ಆದರೆ ನಿನ್ನ ಮೊದಲ ಮಾತಲ್ಲೇ ಒಂದು ವಿಷಯ ಇದೆ, ಯಾರೂ ನೋಡಲಿಲ್ಲ. ಒಲೆಗಿಟ್ಟರೆ ತುದಿಯಲ್ಲಿ ನೊರೆ ಬರುತ್ತೆ ಅಂದೆಯಲ್ಲ. ಮಳೆಗೆ ನೆಂದ ಒಣ ಕಟ್ಟಿಗೆ ಹಾಗೆ ನೊರೆ ಬಿಡಲ್ಲ. ಚಟಪಟ ಅಂದು, ಸ್ವಲ್ಪ ಹೊಗೆ ಹಾಕಿ, ಆಮೇಲೆ ಹಿಡಿಯುತ್ತೆ. ತುದಿಯಲ್ಲಿ ಸೀ ಅಂತ ನೊರೆ ಉಕ್ಕೋದು ಹಸಿ ಕಟ್ಟಿಗೆ.

ಮೂರು ಪ್ರಶ್ನೆ. ಕಡಿದದ್ದು ಯಾವಾಗ, ಯಾವ ಮರ? ಒಡೆದದ್ದಾ, ಉಂಡೆಯಾ? ಶೆಡ್ಡಿನ ಪಕ್ಕಕ್ಕೆ ಮತ್ತು ನೆಲಕ್ಕೆ ಏನು ಹಾಕಿದ್ದೀಯ? ಇದನ್ನು ನೀನು ಎಲ್ಲೂ ಹೇಳಿಲ್ಲ.

ಹೊಸನಗರ_ಹಿತ್ತಿಲು

ಅಕ್ಕಾ, ಅದು ಎಲ್ಲರ ಹಾಗೇ ಇದೆ ಅಂತ ಬರೆಯಲಿಲ್ಲ. ಅಕೇಶಿಯಾ, ತೋಟದ ಅಂಚಿನದ್ದು. ಮೇ 20ರ ಹೊತ್ತಿಗೆ ಕಡಿಸಿದೆ. ದಪ್ಪದ್ದನ್ನು ಮಾತ್ರ ಒಡೆಸಿದೆ, ತೋಳು ಗಾತ್ರದ್ದು ಸಿಪ್ಪೆ ಸಮೇತ ಉಂಡೆಯಾಗಿಯೇ ಇದೆ. ಎರಚಲು ಬಾರದ ಹಾಗೆ ನಾಲ್ಕೂ ಕಡೆ ನೀಲಿ ಟಾರ್ಪಾಲು ನೆಲದವರೆಗೂ ಎಳೆದು ಕಟ್ಟಿದ್ದೇನೆ. ನೆಲ ಮಣ್ಣಿನ ಮೇಲೆ ನೇರ 3 ಇಂಚು ಕಾಂಕ್ರೀಟ್. ಅದರ ಮೇಲೆಯೇ ಪೇರಿಸಿದ್ದು, ಮಾಡಿನ ತನಕ.

ಶಿರಸಿ_ಬಚ್ಚಲೊಲೆ

ಈಗ ಪೂರ್ತಿ ಚಿತ್ರ ಸಿಕ್ಕಿತು.

ಹಸಿ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುತ್ತೆ. ಚೆನ್ನಾಗಿ ಉರಿಯಬೇಕು ಅಂದರೆ ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗೆ ಬರಬೇಕು. ನಿನ್ನ ಶೆಡ್ಡಲ್ಲಿ 1 ಟನ್ ಹಸಿ ಕಟ್ಟಿಗೆ ಇದೆ ಅಂದುಕೋ. ಅದು ಒಣಗುವಷ್ಟರಲ್ಲಿ ಸುಮಾರು 300 ಲೀಟರ್ ನೀರು ಹೊರಗೆ ಹೋಗಬೇಕು. ಒಂದೂವರೆ ಬ್ಯಾರೆಲ್. ಅಷ್ಟು ನೀರನ್ನು ನೀನು ಟಾರ್ಪಾಲಿನಲ್ಲಿ ಕಟ್ಟಿ ಹಾಕಿದ್ದೀಯ. ಕಟ್ಟಿಗೆಯಿಂದ ಆವಿ ಏಳುತ್ತೆ, ಹೋಗಲು ದಾರಿ ಇಲ್ಲ. ತಣ್ಣನೆಯ ಶೀಟಿಗೆ ತಾಗಿ ಹನಿಯಾಗಿ ಅದೇ ಕಟ್ಟಿಗೆ ಮೇಲೆ ಬೀಳುತ್ತೆ. ಬೆಳಿಗ್ಗೆ ಟಾರ್ಪಾಲಿನ ಒಳಮೈ ಮುಟ್ಟಿ ನೋಡು, ಹನಿ ಇರಲೇಬೇಕು.

ಕಟ್ಟಿಗೆ ಕೊಟ್ಟಿಗೆಗೆ ಬೇಕಾದ್ದು ಮಾಡು ಮತ್ತು ಗಾಳಿ. ನಮ್ಮ ಹಳೇ ಮನೆಗಳಲ್ಲಿ ನೋಡಿದ್ದೀಯಲ್ಲ, ಮಳೆ ಹೊಡೆಯುವ ಕಡೆ ಅಡಿಕೆ ಮರ ಸೀಳಿದ ದಬ್ಬೆಯ ತಟ್ಟಿ, ಅದರ ಮೇಲೆ ಅಡಿಕೆ ಗರಿಯ ಸೋಗೆ, ಉಳಿದ ಕಡೆ ಖಾಲಿ. ಸೂರು ಎರಡು ಅಡಿ ಹೊರಗೆ. ಅಂಚಿನ ನಾಲ್ಕು ತುಂಡಿಗೆ ಎರಚಲು ತಾಗಿದರೆ ತಾಗಲಿ. ಗಾಳಿ ಬಂದರೆ ಅದು ಒಣಗುತ್ತೆ.

ನೆಲದ್ದು ಬೇರೆ ಲೆಕ್ಕ. ಒಂದು ಅಡಿ ಪ್ಲಾಸ್ಟಿಕ್ ಹಾಳೆಯನ್ನು ಕಾಂಕ್ರೀಟ್ ಮೇಲೆ ಹಾಸಿ ಸುತ್ತ ಟೇಪ್ ಒತ್ತು. ಮರುದಿನ ಎತ್ತಿ ನೋಡು. ಕೆಳಗೆ ಹನಿ ಇದ್ದರೆ ನೆಲದಿಂದ ತೇವ ಏರುತ್ತಿದೆ. ಮೇಲೆ ಮಾತ್ರ ಇದ್ದರೆ ಅದು ಗಾಳಿಯದ್ದು.

ಇನ್ನೊಂದು ಕೆಲಸ ಮಾಡು. ಒಡೆದ ಎರಡು ತುಂಡು ತೆಗೆದು ತೂಗಿ ಬರೆದಿಡು. ಒಂದು ಶೆಡ್ಡಲ್ಲಿ, ಇನ್ನೊಂದು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ. ಬೆಂಕಿಯ ನಾಲಗೆ ತಾಗದಷ್ಟು ಎತ್ತರ ಇರಲಿ. ಎರಡು ವಾರ ಬಿಟ್ಟು ಮತ್ತೆ ತೂಗು.

ಕೊಡಗಿನ_ಕಾಫಿಕಣ

ಅಕ್ಕ ಹೇಳಿದ್ದು ಸರಿ. ನಮ್ಮಲ್ಲಿ ಕಾಫಿ ತೋಟದ ನೆರಳಿನ ಸಿಲ್ವರ್ ಓಕ್ ಮತ್ತು ನೆರಳು ಕಡಿಮೆ ಮಾಡಲು ಸವರಿದ ಕೊಂಬೆಗಳು. ಜಂಬಿಟ್ಟಿಗೆ ಕಂಬ, 30 ಅಡಿ ಉದ್ದ, ಮೂರು ಖಾನೆ. ಈ ವರ್ಷದ್ದು, ಹೋದ ವರ್ಷದ್ದು, ಒಲೆಗೆ ಹೋಗುವುದು, ಹೀಗೆ ಬೇರೆ ಬೇರೆ. ಒಂದು ಖಾನೆ ಖಾಲಿಯಾಗದೆ ಇನ್ನೊಂದಕ್ಕೆ ಕೈ ಹಾಕಲ್ಲ. ಫೋಟೋ ಹಾಕಿದ್ದೇನೆ ನೋಡಿ.

ಹಂಚಿನ_ಸೂರು

ಚೆಂದ ಉಂಟು. ಮಾಡಿಗೆ ಹಂಚೇ ಹಾಕಿದ್ದೀರಿ, ಸಂತೋಷ.

ಬೆಂಗಳೂರಿನಿಂದ_ಊರಿಗೆ

ಇಷ್ಟೆಲ್ಲ ಯಾಕೆ? ಸೋಲಾರ್ ಹಾಕಿಸಿದರೆ ಸ್ನಾನದ ನೀರಿನ ಕಥೆ ಮುಗಿಯುತ್ತಲ್ಲ. ನಮ್ಮದು 200 ಲೀಟರ್, ಎಂಟು ವರ್ಷದಿಂದ ತೊಂದರೆ ಇಲ್ಲ.

ಸಾಗರದ_ವೆಲ್ಡರ್

ಜೂನ್‌ನಿಂದ ಸೆಪ್ಟೆಂಬರ್ ತನಕ ನಮಗೆ ಬಿಸಿಲು ಎಲ್ಲಿದೆ? ಬಿಸಿನೀರು ಬೇಕಾಗೋದೇ ಆಗ. ಮತ್ತೆ ಅಡಿಕೆ ಬೇಯಿಸೋದಕ್ಕೆ ಸೋಲಾರ್ ಆಗಲ್ಲ. ಕಟ್ಟಿಗೆ ಉಳಿಸಬೇಕು ಅಂದರೆ ಒಲೆ ಬದಲಾಯಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಆಸ್ಟ್ರಾ ಕೇಂದ್ರದವರು ರೂಪಿಸಿದ ಒಲೆ ನಮ್ಮ ಮನೆಯಲ್ಲಿ ಇನ್ನೂ ಇದೆ. ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತೆ, ಕಟ್ಟಿಗೆಯೂ ಕಡಿಮೆ ಸಾಕು.

ನಟ್ಟು_ಬೋಲ್ಟು

ಒಲೆ ವಿಷಯ ಬೇರೆ ಕಡೆ ಮಾತಾಡೋಣ. ನನಗಿನ್ನೂ ಶೀಟಿನ ಜೋಡಣೆ ಅಳತೆ ಸಿಕ್ಕಿಲ್ಲ.

ಹೊಸನಗರ_ಹಿತ್ತಿಲು (ಜುಲೈ 27)

ಎಲ್ಲರಿಗೂ ಧನ್ಯವಾದ. ಮಾಡಿದ್ದನ್ನೆಲ್ಲ ಬರೆಯುತ್ತೇನೆ.

ಮರುದಿನ ಬೆಳಿಗ್ಗೆಯೇ ಟಾರ್ಪಾಲಿನ ಒಳಗೆ ಕೈ ಹಾಕಿದೆ. ಅಂಗೈ ಪೂರ್ತಿ ನೀರು. ಶೀಟಿನ ಅಡಿಯಲ್ಲಿ ಸಾಲು ಸಾಲು ಹನಿ. ನಾನು ಹೊರಗಿನ ಮಳೆಯನ್ನೇ ನೋಡುತ್ತಿದ್ದೆ. ಪ್ಲಾಸ್ಟಿಕ್ ಹಾಳೆಯ ಕೆಳಗೂ ಹನಿ ಇತ್ತು, ನೆಲವೂ ತೇವ ಬಿಡುತ್ತಿದೆ.

ಪೂರ್ವ, ಉತ್ತರ ಮತ್ತು ದಕ್ಷಿಣದ ಟಾರ್ಪಾಲು ತೆಗೆದೆ. ನಮಗೆ ಮಳೆ ಹೊಡೆಯೋದು ಪಡುವಣದಿಂದ. ಅಲ್ಲಿ ಅಡಿಕೆ ದಬ್ಬೆ ಸೀಳಿ ಒಂದು ಇಂಚು ಸಂದು ಬಿಟ್ಟು ತಟ್ಟಿ ಕಟ್ಟಿದೆ. ಇಡೀ ಒಟ್ಟಿಲು ಕೆಡವಿ, ಕೆಳಗೆ ಜಂಬಿಟ್ಟಿಗೆ ಇಟ್ಟು ಮೇಲೆ ಅಡಿಕೆ ಮರ ಅಡ್ಡ ಹಾಕಿ, ಮತ್ತೆ ಪೇರಿಸಿದೆ. ಮಾಡಿಗೂ ಕಟ್ಟಿಗೆಗೂ ನಡುವೆ ಒಂದೂವರೆ ಅಡಿ ಬಿಟ್ಟೆ. ಉಂಡೆಗಳನ್ನೆಲ್ಲ ಒಡೆಯುತ್ತಿದ್ದೇನೆ, ಇನ್ನೂ ಅರ್ಧ ಬಾಕಿ. ಕೈಯೆಲ್ಲ ಬೊಬ್ಬೆ.

ತೂಕದ ಲೆಕ್ಕ: ಜುಲೈ 13ಕ್ಕೆ ಅಟ್ಟದ ತುಂಡು 2 ಕೆಜಿ 840 ಗ್ರಾಂ, ಇವತ್ತು 2 ಕೆಜಿ 310. ಶೆಡ್ಡಿನದ್ದು 2 ಕೆಜಿ 790 ಇತ್ತು, ಈಗ 2 ಕೆಜಿ 700. ಅಟ್ಟದಲ್ಲಿ ಅರ್ಧ ಲೀಟರಿಗೂ ಜಾಸ್ತಿ ನೀರು ಹೋಗಿದೆ. ಅಮ್ಮನಿಗೆ ತೋರಿಸಿದೆ. ಹಸಿ ಅಂತ ಅವರು ಜೂನ್‌ನಲ್ಲೇ ಹೇಳಿದ್ದರು, ನಾನು ಕೇಳಿರಲಿಲ್ಲ.

ನಟ್ಟು_ಬೋಲ್ಟು ಸರ್, ಒಟ್ಟಿಲು ಕೆಡವಿದಾಗ ಎರಡು ಸ್ಕ್ರೂ ಹತ್ತಿರ ನಿಜವಾಗಿಯೂ ಜಿನುಗುತ್ತಿತ್ತು. ವಾಷರ್ ಹರಿದಿತ್ತು. ಬದಲಾಯಿಸಿದೆ.

ನಟ್ಟು_ಬೋಲ್ಟು

ನಾನು ಮೊದಲ ದಿನವೇ ಹೇಳಿದ್ದೆ.

ಶಿರಸಿ_ಬಚ್ಚಲೊಲೆ

ತುಂಬ ಸಂತೋಷ ಆಯಿತು ತಮ್ಮಾ. ಒಂದು ಮಾತು ಮಾತ್ರ. ಈ ಮಳೆಗಾಲದಲ್ಲಿ ಶೆಡ್ಡಿನದ್ದು ಪೂರ್ತಿ ಒಣಗಲ್ಲ, ಗಾಳಿಯೇ ನೆಂದಿರುತ್ತೆ. ಬೂಸಲು ನಿಲ್ಲುತ್ತೆ ಅಷ್ಟೇ. ಅಮ್ಮನಿಗೆ ವಾರಕ್ಕೆ ಬೇಕಾದಷ್ಟನ್ನು ಅಟ್ಟಕ್ಕೆ ಏರಿಸಿ ಕೊಡು. ಉರಿ ಹಿಡಿಯಲು ತೆಂಗಿನ ಗರಿ, ಅಡಿಕೆ ಸಿಪ್ಪೆ ಒಣಗಿದ್ದು ಇಟ್ಟುಕೋ. ಮುಂದಿನ ವರ್ಷ ಶಿವರಾತ್ರಿ ಹೊತ್ತಿಗೇ ಕಡಿಸಿ, ಒಡೆದು, ಮಾರ್ಚ್-ಏಪ್ರಿಲ್ ಬಿಸಿಲಿಗೆ ಹರವಿ, ಆಮೇಲೆ ಒಳಗೆ ಹಾಕು.

ಹೊಸನಗರ_ಹಿತ್ತಿಲು

ಖಂಡಿತ ಅಕ್ಕಾ. ಇನ್ನೊಂದು ಪ್ರಶ್ನೆ. ಕೆಳಗೆ ಹಾಕಿದ ಅಡಿಕೆ ಮರಕ್ಕೆ ಗೆದ್ದಲು ಬಾರದ ಹಾಗೆ ಏನು ಹಚ್ಚಲಿ? ಜಂಬಿಟ್ಟಿಗೆ ಮೇಲೆ ಆಗಲೇ ಒಂದು ಮಣ್ಣಿನ ಗೆರೆ ಏರಿದೆ.

ಸಾಗರದ_ವೆಲ್ಡರ್

ಗಾಡಿಯ ಹಳೇ ಇಂಜಿನ್ ಆಯಿಲ್. ಖರ್ಚಿಲ್ಲ.

ಹಂಚಿನ_ಸೂರು

ದಯವಿಟ್ಟು ಬೇಡ. ಅದು ಮೇಲಿನ ಕಟ್ಟಿಗೆಗೆ ತಾಗುತ್ತೆ, ಅದನ್ನೇ ಒಲೆಗೆ ಹಾಕುತ್ತೀರಿ, ಹೊಗೆ ಮನೆಯೊಳಗೆ. ಮಳೆ ನೀರಿನ ಜತೆ ಬಾವಿ ಕಡೆಗೂ ಇಳಿಯುತ್ತೆ. ಅಡಿಕೆ ಮರದ ಬದಲು ಕಲ್ಲಿನ ಹಾಸು ಹಾಕಿ.

ಸಾಗರದ_ವೆಲ್ಡರ್

ಕೆಳಗಿನ ಮರಕ್ಕೆ ಮಾತ್ರ ಹಚ್ಚಿ ಅಂದದ್ದು. ಒಲೆಗೆ ಹಾಕುವ ಕಟ್ಟಿಗೆಗೆ ಅಲ್ಲ.

ಕೊಡಗಿನ_ಕಾಫಿಕಣ

ನಾವು ಏನೂ ಹಚ್ಚಲ್ಲ. ಕಲ್ಲಿನ ಎತ್ತರ ಒಂದು ಅಡಿ ಇದೆ, ಕೆಳಗೆ ಬಗ್ಗಿ ನೋಡಿದರೆ ಆಚೆ ಬೆಳಕು ಕಾಣುತ್ತೆ. ವಾರಕ್ಕೊಮ್ಮೆ ಟಾರ್ಚ್ ಹಿಡಿದು ಬಗ್ಗಿ ನೋಡಿ ಮಣ್ಣಿನ ಗೆರೆ ಕೆರೆದು ಹಾಕುತ್ತೇವೆ. ಹಾವು ಇದ್ದರೂ ಹಾಗೆಯೇ ಕಾಣುತ್ತೆ. ಬರಿಗೈ ಹಾಕಬೇಡಿ.

ಹೊಸನಗರ_ಹಿತ್ತಿಲು (ಆಗಸ್ಟ್ 9)

ಜಂಬಿಟ್ಟಿಗೆ ಇನ್ನೊಂದು ವರಸೆ ಏರಿಸಿದೆ, ಈಗ ಕೆಳಗೆ ಬೆಳಕು ಕಾಣುತ್ತೆ. ಆಯಿಲ್ ಹಚ್ಚಲಿಲ್ಲ. ಹೊಸ ಬೂಸಲು ಬಂದಿಲ್ಲ. ಅಟ್ಟದ ಕಟ್ಟಿಗೆಯಲ್ಲಿ ಹಂಡೆ ಮುಕ್ಕಾಲು ಗಂಟೆಗೆ ಕಾಯುತ್ತಿದೆ.

ರಬ್ಬರ್_ಸುಳ್ಯ

ಇದೇ ಕಡೆ ಕೇಳುತ್ತೇನೆ. ರಬ್ಬರ್ ಕಟ್ಟಿಗೆ ಕಡಿದು ಹತ್ತು ದಿನಕ್ಕೇ ನೀಲಿ ಕಪ್ಪು ಆಗುತ್ತಿದೆ, ಹಿಟ್ಟು ಉದುರುತ್ತಿದೆ. ಶೆಡ್ಡಿಗೆ ಗೋಡೆ ಇಲ್ಲ, ಗಾಳಿ ಚೆನ್ನಾಗಿದೆ. ಏನು ಕಾರಣ ಇರಬಹುದು?

ನಟ್ಟು_ಬೋಲ್ಟು

ಮಾಡು ಶೀಟಿನದ್ದಾ? ಸ್ಕ್ರೂ ಎಲ್ಲಿ ಹೊಡೆದಿದ್ದೀರಿ?